ಆ ಕಾಲವೇ ಹಾಗಿತ್ತೆ?

2024ರ ಮೇ 6ರಂದು ಬರ್ನಾರ್ ಪಿವೊ ತೀರಿಕೊಂಡಾಗ ಫ್ರಾನ್ಸಿನವರು ಅವರನ್ನು ಬಾಯಿತುಂಬ ಹೊಗಳಿದರು. ಹೊಗಳಿಕೆ ಸುಳ್ಳಲ್ಲ. ಲಿಯೋನ್ ನಗರದ ಕಿರಾಣಿ ಅಂಗಡಿಯವರ ಮಗ, ಟೆಲಿವಿಷನ್ನಿನಲ್ಲಿ ಪುಸ್ತಕದ ಮಾತನ್ನು ಮನೆಮಾತಾಗಿಸಿದವರು. 1975ರಿಂದ 1990ರವರೆಗೆ ಶುಕ್ರವಾರ ರಾತ್ರಿ ಅವರ ‘ಅಪೊಸ್ತ್ರೋಫ್’ ನಡೆಯಿತು. ಒಟ್ಟು 724 ಸಂಚಿಕೆ. ನಬೊಕೊವ್, ಸೊಲ್ಜೆನಿತ್ಸಿನ್‌ರಂಥವರು ಅಲ್ಲಿ ಬಂದು ಕೂತರು. 1985ರಲ್ಲಿ ಆರಂಭವಾದ ಉಕ್ತಲೇಖನ ಸ್ಪರ್ಧೆಯಿಂದ ದೊಡ್ಡವರೂ ಕಾಗುಣಿತ ತಿದ್ದಿಕೊಂಡರು. ವರ್ಷಗಟ್ಟಲೆ ಮಕ್ಕಳಿಗೆ ಉಕ್ತಲೇಖನ ಕೊಟ್ಟು ಗಂಟಲು ಒಣಗಿಸಿಕೊಂಡ ನನ್ನಂಥವಳಿಗೆ ಇದು ಹೊಟ್ಟೆಕಿಚ್ಚು ತರಿಸುವ ಸಾಧನೆಯೇ.

ನನ್ನ ತಕರಾರು ಇರುವುದು 1990ರ ಮಾರ್ಚ್ 2ರ ಸಂಚಿಕೆಯ ಬಗ್ಗೆ. ಅಂದಿನ ಅತಿಥಿಗಳಲ್ಲಿ ಲೇಖಕ ಗಾಬ್ರಿಯೆಲ್ ಮಾಟ್ಜ್‌ನೆಫ್ ಒಬ್ಬ. ಶಾಲೆಗೆ ಹೋಗುವ ಹುಡುಗಿಯರೊಡನೆ ತನ್ನ ಸಂಬಂಧಗಳನ್ನು ತಾನೇ ಬರೆದು ಅಚ್ಚು ಹಾಕಿಸಿದ್ದವನು. ಪಿವೊ ಅದನ್ನು ತಮಾಷೆಯ ಧಾಟಿಯಲ್ಲಿ ಕೇಳಿದರು. ಸುತ್ತ ಕೂತವರು ನಕ್ಕರು. ನಗದೆ ಇದ್ದವಳು ಕೆನಡಾದ ಲೇಖಕಿ ದೆನೀಸ್ ಬೊಂಬಾರ್ದಿಯೆ. ಇದು ಮಕ್ಕಳ ಮೇಲಿನ ದೌರ್ಜನ್ಯ, ಆ ಹುಡುಗಿಯರ ಗತಿ ಏನು ಎಂದು ಮುಖಕ್ಕೆ ಹೊಡೆದಂತೆ ಕೇಳಿದಳು. ಆಮೇಲೆ ಬೈಗುಳ ತಿಂದದ್ದು ಅವಳು. ಮಾಟ್ಜ್‌ನೆಫ್‌ಗೆ 2013ರಲ್ಲಿ ರೆನೊದೋ ಪ್ರಬಂಧ ಪ್ರಶಸ್ತಿ ಬಂತು.

2020ರ ಜನವರಿಯಲ್ಲಿ ವನೆಸ್ಸಾ ಸ್ಪ್ರಿಂಗೋರಾ ತನ್ನ ಕಥೆ ಪ್ರಕಟಿಸಿದಳು. ಅವನೊಡನೆ ಸಂಬಂಧ ಶುರುವಾದಾಗ ಅವಳಿಗೆ 14. ಅವನಿಗೆ ಐವತ್ತರ ಆಸುಪಾಸು. ಪುಸ್ತಕ ಬರುವ ಮುನ್ನವೇ ಪಿವೊ, ಆಗ ಸಾಹಿತ್ಯ ನೀತಿಗಿಂತ ಮುಂದಿತ್ತು, ನಾವೆಲ್ಲ ನಮ್ಮ ಕಾಲದ ಕೂಸುಗಳು ಎಂಬರ್ಥದಲ್ಲಿ ಬರೆದರು. ಟೀಕೆ ಬಂದ ಮೇಲೆ ವಿಷಾದವನ್ನೂ ವ್ಯಕ್ತಪಡಿಸಿದರು, ನಿಜ. ಆದರೆ ‘ಕಾಲ’ದ ಆ ವಾದವನ್ನು ಇಂದಿಗೂ ಹಲವರು ಹಿಡಿದುಕೊಂಡಿದ್ದಾರೆ.

ಯಾವ ಕಾಲ ಸ್ವಾಮಿ? ಹದಿನೈದು ತುಂಬದ ಮಗುವಿನೊಡನೆ ವಯಸ್ಕರ ಲೈಂಗಿಕ ಸಂಬಂಧ ಅಂದಿನ ಫ್ರಾನ್ಸಿನ ಕಾನೂನಿನಲ್ಲೂ ಅಪರಾಧವೇ ಆಗಿತ್ತು. ಬೊಂಬಾರ್ದಿಯೆ ಬೇರೆ ಯುಗದಿಂದ ಇಳಿದು ಬಂದವಳಲ್ಲ. ಅದೇ ರಾತ್ರಿ, ಅದೇ ದೀಪದ ಬೆಳಕಿನಲ್ಲಿ, ನಾಲ್ಕು ಮಾರು ದೂರದಲ್ಲಿ ಕೂತಿದ್ದಳು. ಅವಳಿಗೆ ಕಂಡದ್ದು ಉಳಿದವರಿಗೆ ಕಾಣಲಿಲ್ಲವೆಂದರೆ ನಾನು ನಂಬುವುದಿಲ್ಲ.

ನಾನು ಒಂಬತ್ತನೆಯ ತರಗತಿಗೆ ಪಾಠ ಹೇಳುವವಳು. ಹದಿನಾಲ್ಕರ ಹುಡುಗಿ ಎಂದರೆ ಏನೆಂದು ನನಗೆ ಗೊತ್ತು. ಪ್ರಬಂಧದ ಕೆಳಗೆ ‘ಚೆನ್ನಾಗಿದೆ’ ಎಂದು ಬರೆದರೆ ವಾರವೆಲ್ಲ ಅದನ್ನೇ ತೆರೆದು ನೋಡುತ್ತಾಳೆ. ಹೆಸರಾಂತ ಲೇಖಕನೊಬ್ಬ ‘ನಿನ್ನಂಥವಳಿಲ್ಲ’ ಎಂದರೆ ಅವಳು ನಂಬದೆ ಏನು ಮಾಡಿಯಾಳು? ಅದಕ್ಕೆ ಒಪ್ಪಿಗೆ ಎಂದು ಹೆಸರಿಡುವವರು ಮಕ್ಕಳನ್ನು ಕಂಡವರಲ್ಲ.

ಪಿವೊ ಅವರನ್ನು ನೆನೆಯೋಣ, 724 ಸಂಚಿಕೆಗಳನ್ನೂ ನೆನೆಯೋಣ. ಆದರೆ ಅವರು ಉಕ್ತಲೇಖನದಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಬಿಡದವರು. ಅವರ ಲೆಕ್ಕದಲ್ಲೂ ಆ ರಾತ್ರಿಯ ತಪ್ಪನ್ನು ಬಿಟ್ಟುಕೊಡಬೇಕಿಲ್ಲ. ಇನ್ನು ಯಾರಾದರೂ ‘ಆ ಕಾಲವೇ ಹಾಗಿತ್ತು’ ಎಂದರೆ, ಆ ಕಾಲದಲ್ಲಿ ಬಾಯಿ ಬಿಟ್ಟವರು ಯಾರು, ಅವರನ್ನು ಏನು ಮಾಡಿದಿರಿ ಎಂದು ಕೇಳಿ.