ಮೂಕಪ್ರಾಣಿಗಳ ವಕಾಲತ್ತು

ಬಂಡೀಪುರದ ಅರಣ್ಯವನ್ನು ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿಯ ಸಂಚಾರಕ್ಕಿರುವ ನಿರ್ಬಂಧವನ್ನು ಸಡಿಲಿಸಬೇಕೆಂಬ ಕೂಗು ಆಗಾಗ ಏಳುತ್ತಲೇ ಬಂದಿದೆ. ವ್ಯಾಪಾರದ ನಷ್ಟವೆಂದೂ, ಪ್ರಯಾಣಿಕರ ತೊಂದರೆಯೆಂದೂ, ನೆರೆರಾಜ್ಯದ ಸ್ನೇಹವೆಂದೂ ಕಾರಣಗಳನ್ನು ಹೇಳುವವರಿಗೆ ಕೊರತೆಯಿಲ್ಲ. ಆದರೆ ಈ ನಿರ್ಬಂಧವು ಹೇಗೆ ಬಂದಿತು, ಯಾರ ಪ್ರಯತ್ನದಿಂದ ಉಳಿಯಿತು ಎಂಬುದನ್ನು ನೆನೆಯುವವರು ವಿರಳ. ಅದನ್ನು ನಮ್ಮ ವಾಚಕರ ಗಮನಕ್ಕೆ ತರುವುದು ಈಗ ಅವಶ್ಯವೆಂದು ನಾವು ಭಾವಿಸುತ್ತೇವೆ.

ಗುಂಡ್ಲುಪೇಟೆಯಿಂದ ಒಂದು ದಾರಿ ಮದ್ದೂರಿನ ಮೂಲಕ ವಯನಾಡಿಗೂ, ಇನ್ನೊಂದು ಮೇಲುಕಾಮನಹಳ್ಳಿಯ ಮೂಲಕ ಉದಕಮಂಡಲಕ್ಕೂ ಹೋಗುತ್ತದೆ. ಎರಡೂ ಕಾಡಿನ ಒಡಲನ್ನು ಸೀಳಿಕೊಂಡೇ ಹೋಗತಕ್ಕವು. ಆನೆ, ಹುಲಿ, ಜಿಂಕೆ, ಕಾಟಿಗಳು ನೀರಿಗಾಗಿ, ಮೇವಿಗಾಗಿ ದಾರಿಯನ್ನು ದಾಟುವ ಇರುಳಿನ ಹೊತ್ತಿನಲ್ಲಿ ಲಾರಿಗಳ ಚಕ್ರಕ್ಕೆ ಸಿಕ್ಕಿ ಸಾಯುವುದು ವಾಡಿಕೆಯಾಗಿ ಹೋಗಿತ್ತು. ಇದನ್ನು ತಡೆಯಲೆಂದು ಚಾಮರಾಜನಗರದ ಜಿಲ್ಲಾಧಿಕಾರಿಗಳು 2009ನೆಯ ಜೂನ್ ತಿಂಗಳ ಮೊದಲ ವಾರದಲ್ಲಿ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಸಂಚಾರವನ್ನು ನಿಲ್ಲಿಸಿ ಆಜ್ಞೆ ಹೊರಡಿಸಿದರು. ಒತ್ತಾಯಗಳು ಬಂದವು, ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಲಾಯಿತು. ವಿಷಯವು ಅಲ್ಲಿಗೇ ಮುಗಿಯಿತೆಂದು ಬಹುಮಂದಿ ತಿಳಿದರು.

ಮುಗಿಯಗೊಡದವರು ಬೆಂಗಳೂರಿನ ವಕೀಲರಾದ ಶ್ರೀ ಎಲ್. ಶ್ರೀನಿವಾಸಬಾಬು ಅವರು. ಕಾಡಿನ ಪ್ರಾಣಿಗಳಿಗೆ ವಕಾಲತ್ತುನಾಮೆಗೆ ರುಜು ಹಾಕಲು ಬಾರದು. ಶುಲ್ಕ ಕೊಡಲೂ ಬಾರದು. ಅವುಗಳ ಪರವಾಗಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದನ್ನು ಇವರು ಹಾಯಿಕೋರ್ಟಿನ ಮುಂದಿಟ್ಟರು. 2009ರ ಜುಲೈನಲ್ಲಿಯೇ ಕೋರ್ಟು ಮಧ್ಯಂತರ ಆಜ್ಞೆಯನ್ನಿತ್ತು ನಿರ್ಬಂಧವನ್ನು ಮರಳಿ ಜಾರಿಗೆ ತಂದಿತು. 2010ರ ಮಾರ್ಚಿಯಲ್ಲಿ ಅಂತಿಮ ತೀರ್ಪಿನಿಂದ ಅದನ್ನು ಸ್ಥಿರಪಡಿಸಿತು. ಕೇರಳವು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದಾಗ, ನಮ್ಮ ಸರಕಾರವೇ ನಿರ್ಬಂಧದ ಪರವಾಗಿ ವಾದಿಸಿತು. ಒಮ್ಮೆ ಅಧಿಕಾರವು ಕೈಬಿಟ್ಟ ಕೂಸನ್ನು ಒಬ್ಬ ವಕೀಲರು ಎತ್ತಿಕೊಂಡುದರಿಂದ, ಅಧಿಕಾರವೇ ಮರಳಿ ಅದನ್ನು ತನ್ನದೆಂದು ಒಪ್ಪಿಕೊಳ್ಳಬೇಕಾಯಿತು.

ಅವರು ಕೇಳಿದುದು ಹೊಸ ಕಾಯಿದೆಯನ್ನಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ವನ್ಯಜೀವಿ ಸಂರಕ್ಷಣಾ ಕಾಯಿದೆಯು 1972ರಿಂದಲೂ ಇದೆ. ಹುಲಿ ಯೋಜನೆಯು 1973ರಲ್ಲಿ ಆರಂಭವಾದಾಗ ಮೊದಲು ಆರಿಸಲ್ಪಟ್ಟ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. 1976ರ ತಿದ್ದುಪಡಿಯಿಂದ ಸಂವಿಧಾನವು ಅರಣ್ಯ ಮತ್ತು ವನ್ಯಜೀವಿಗಳ ರಕ್ಷಣೆಯನ್ನು ರಾಜ್ಯದ ಹೊಣೆಯೆಂದೂ ಪ್ರಜೆಯ ಕರ್ತವ್ಯವೆಂದೂ ಸಾರಿತು. ವಾಹನ ಸಂಚಾರವನ್ನು ತಡೆಯುವ ಅಧಿಕಾರವು 1988ರ ಮೋಟಾರು ವಾಹನ ಕಾಯಿದೆಯಲ್ಲಿಯೇ ಉಂಟು. ಕಾಯಿದೆಗಳು ಪುಸ್ತಕದಲ್ಲಿ ನಿದ್ರಿಸುತ್ತಿದ್ದವು. ಅವುಗಳನ್ನು ತಟ್ಟಿ ಎಬ್ಬಿಸಲು ಒಬ್ಬರು ಬೇಕಾಗಿತ್ತು.

ಈ ಮಾರ್ಗವನ್ನು ದೇಶಕ್ಕೆ ತೋರಿಸಿದವರಲ್ಲಿ ಶ್ರೀ ಎಂ. ಸಿ. ಮೆಹತಾ ಅವರು ಅಗ್ರಗಣ್ಯರು. ಗಂಗೆಗೆ ಕೊಳೆಯನ್ನು ಹರಿಸುತ್ತಿದ್ದ ಚರ್ಮ ಹದಮಾಡುವ ಕಾರಖಾನೆಗಳ ಮೇಲೂ, ತಾಜಮಹಲನ್ನು ಮಬ್ಬುಗೊಳಿಸುತ್ತಿದ್ದ ಹೊಗೆಯ ಮೇಲೂ 1980ರ ದಶಕದಿಂದ ಅವರು ನಡೆಸಿದ ಮೊಕದ್ದಮೆಗಳು ಪ್ರಸಿದ್ಧವಾಗಿವೆ. 1997ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯು ಅವರಿಗೆ ಸಂದಿತು. ನಮ್ಮ ಕುದುರೆಮುಖದ ಗಣಿಗಾರಿಕೆಯು 2005ರ ಕೊನೆಯಲ್ಲಿ ನಿಂತುದೂ ಸುಪ್ರೀಂ ಕೋರ್ಟಿನ 2002ರ ತೀರ್ಪಿನ ಫಲವೇ ಹೊರತು ಯಾರೊಬ್ಬರ ಔದಾರ್ಯದಿಂದಲ್ಲ.

ಹೀಗೆಂದ ಮಾತ್ರಕ್ಕೆ ಎದುರು ಪಕ್ಷದವರ ಕಷ್ಟವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಗುಂಡ್ಲುಪೇಟೆಯ ಸೀಮೆಯ ತರಕಾರಿಯೂ ಹೂವೂ ಕೇರಳದ ಪೇಟೆಗಳನ್ನು ನೆಚ್ಚಿಕೊಂಡಿವೆ. ಉಡಿಗಾಲ ಮೊದಲಾದ ಹಳ್ಳಿಗಳ ರೈತನಿಗೆ ಬೆಳೆದ ಮಾಲು ಬಾಡುವುದರೊಳಗೆ ಬೆಲೆ ಸಿಕ್ಕಬೇಕು. ಕಾಡಿನಂಚಿನ ಒಕ್ಕಲಿಗನ ಹೊಲಕ್ಕೆ ಆನೆ ನುಗ್ಗಿದರೆ ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ಹಾಳಾಗುತ್ತದೆ. ಆದರೆ ಹಗಲಿನ 15 ಗಂಟೆಗಳ ಕಾಲ ದಾರಿ ತೆರೆದೇ ಇರುತ್ತದೆ. ರೋಗಿಗಳ ವಾಹನಕ್ಕೆ ರಾತ್ರಿಯೂ ತಡೆಯಿಲ್ಲ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಮಾನಂದವಾಡಿಗೆ ಬದಲು ಮಾರ್ಗವೂ ಉಂಟು. ರೈತನಿಗೆ ಬೇಕಾದುದು ಕಾಡಿನೊಳಗಿನ ಇರುಳಿನ ಲಾರಿಯಲ್ಲ. ಮಾಲನ್ನು ಕೆಡದಂತೆ ಇಡುವ ತಂಪು ಕೋಠಿ, ಹಗಲೇ ಸಾಗಿಸುವ ಅನುಕೂಲತೆ, ಬೆಳೆ ಹಾಳಾದಾಗ ತಡವಿಲ್ಲದೆ ಕೈಸೇರುವ ಪರಿಹಾರ. ಇವುಗಳನ್ನು ಒದಗಿಸದೆ ರೈತನ ಹೆಸರಿನಲ್ಲಿ ನಿರ್ಬಂಧವನ್ನು ತೆಗೆಯಹೊರಟರೆ, ಲಾಭವು ದೂರದ ಸಾಗಣೆದಾರರಿಗೆ, ನಷ್ಟವು ನಮ್ಮ ಕಾಡಿಗೆ.

ಕೋರ್ಟಿನ ತೀರ್ಪು ಬೇಲಿಯಿದ್ದಂತೆ; ಬೇಲಿಯನ್ನು ಕಾಯುವವರಿಲ್ಲದಿದ್ದರೆ ಅದು ಉಳಿಯುವುದಿಲ್ಲ. ಒಂಬತ್ತು ಗಂಟೆಗಳ ನಿಶ್ಶಬ್ದವನ್ನು ಒಂದು ಅರ್ಜಿಯು ಕಾಡಿಗೆ ದೊರಕಿಸಿಕೊಟ್ಟಿತು. ಆ ನಿಶ್ಶಬ್ದವನ್ನು ಉಳಿಸಿಕೊಳ್ಳುವ ಭಾರವನ್ನು ಸದಾ ಒಬ್ಬ ವಕೀಲರ ಹೆಗಲ ಮೇಲೆಯೇ ಹೊರಿಸುವುದು ಪ್ರಜೆಗಳಿಗೂ ಶೋಭಿಸದು, ಸರಕಾರಕ್ಕೂ ಶೋಭಿಸದು. ನಿರ್ಬಂಧವನ್ನು ಕುರಿತು ಮುಂದೆ ಯಾವ ಮಾತುಕತೆ ನಡೆದರೂ, ಅಧಿಕಾರಸ್ಥರು ಮೊದಲು ಗುಂಡ್ಲುಪೇಟೆಯ ರೈತನ ಅಹವಾಲನ್ನು ಕೇಳಿ ಪರಿಹರಿಸಲಿ. ಕಾಡಿನ ಇರುಳನ್ನು ಮಾತ್ರ ಚೌಕಾಸಿಗೆ ಇಡದಿರಲಿ ಎಂದು ನಾವು ಒತ್ತಿ ಹೇಳುತ್ತೇವೆ.