"ರಸ್ತೆ ಇದ್ದೇ ಇದೆ, ರೇಸ್ ಮಾಡೋಕೇನು ಕಷ್ಟ?" ಸಿಂಗಪುರದ ಬೀದಿ ಟ್ರ್ಯಾಕ್ ಹೇಳುವುದೇ ಬೇರೆ

"ಸಿಂಗಪುರದಲ್ಲಿ ಮಾಮೂಲಿ ರಸ್ತೆ ಮೇಲೇನೇ ಫಾರ್ಮುಲಾ ಒನ್ ರೇಸ್ ಮಾಡ್ತಾರೆ. ನಾಲ್ಕು ದಿನ ಬ್ಯಾರಿಕೇಡ್ ಹಾಕಿ, ಆಮೇಲೆ ತೆಗೆದರಾಯ್ತು. ನಮ್ಮೂರಲ್ಲಿ ಯಾಕಾಗಲ್ಲ?" ಇಂಥ ಮಾತನ್ನು ನೀವೂ ಕೇಳಿರಬಹುದು. ದೀಪಗಳಲ್ಲಿ ಥಳಥಳಿಸುವ ಟ್ರ್ಯಾಕಿನ ವಿಡಿಯೊ ಜೊತೆಗಿದ್ದರೆ ಇನ್ನೂ ನಂಬಬೇಕು ಅನ್ನಿಸುತ್ತದೆ.

ಇದರಲ್ಲಿ ಅರ್ಧ ನಿಜ ಇದೆ. ಅಲ್ಲಿನ ರೇಸ್ ಬಹುಪಾಲು ನಡೆಯುವುದು ಜನ ದಿನಾ ಓಡಾಡುವ ರಸ್ತೆಯಲ್ಲೇ. ಆದರೆ "ಬ್ಯಾರಿಕೇಡ್ ಹಾಕಿದರೆ ಸಾಕು" ಅನ್ನುವ ಲೆಕ್ಕವನ್ನು ಸಿಂಗಪುರವೇ ಒಮ್ಮೆ ಪರೀಕ್ಷೆ ಮಾಡಿ ನೋಡಿದೆ. ಅದರ ಫಲಿತಾಂಶ ಚೆನ್ನಾಗಿರಲಿಲ್ಲ.

1961ರಲ್ಲಿ ಅಲ್ಲಿ ಥಾಮ್ಸನ್ ರೋಡ್ ಎಂಬ ರಸ್ತೆಯಲ್ಲಿ ರೇಸ್ ಶುರುವಾಯಿತು. ಒಂದು ಸುತ್ತು ಸುಮಾರು 4.8 ಕಿಲೋಮೀಟರ್. ಒಂದು ಕಡೆ ನೇರ ರಸ್ತೆ, ಇನ್ನೊಂದು ಕಡೆ ಮರಗಳ ನಡುವೆ ಹಾವಿನಂತೆ ತಿರುಗುವ ದಾರಿ. ಒಂದು ತಿರುವಿಗಂತೂ ಹೆಸರೇ "ಡೆವಿಲ್ಸ್ ಬೆಂಡ್", ಅಂದರೆ ದೆವ್ವದ ತಿರುವು! ರಸ್ತೆ ಹೇಗಿತ್ತೋ ಹಾಗೆಯೇ ಬಳಸಿದರು. ಪಕ್ಕದಲ್ಲಿ ಮಳೆನೀರಿನ ಆಳ ಚರಂಡಿ, ದೀಪದ ಕಂಬ, ಬಸ್ ಸ್ಟಾಪ್, ಕೈಗೆಟುಕುವಷ್ಟು ಹತ್ತಿರ ನಿಂತ ಜನ. ಖರ್ಚು ಕಡಿಮೆ, ಮಜಾ ಜಾಸ್ತಿ. 1973ರಲ್ಲಿ ಕೊನೆಯ ರೇಸ್ ನಡೆಯುವ ಹೊತ್ತಿಗೆ ಆ ರಸ್ತೆಯಲ್ಲಿ ಏಳು ಜೀವ ಹೋಗಿದ್ದವು. ಕೊನೆಯ ಎರಡು ವರ್ಷ ಸತತವಾಗಿ ಸಾವು ಸಂಭವಿಸಿತ್ತು. ಅಪಾಯ ಒಂದು ಕಡೆ, ಸಂಚಾರದ ತೊಂದರೆ ಇನ್ನೊಂದು ಕಡೆ. ರೇಸ್ ನೋಡಿ ಹುಡುಗರು ಮಾಮೂಲಿ ರಸ್ತೆಯಲ್ಲೂ ಹಾಗೇ ಓಡಿಸಲು ಕಲಿಯುತ್ತಾರೆ ಎಂಬ ಚಿಂತೆಯೂ ಸೇರಿ, ಸಿಂಗಪುರ ರೇಸನ್ನೇ ನಿಲ್ಲಿಸಿಬಿಟ್ಟಿತು.

ಆಮೇಲೆ 35 ವರ್ಷ ಅಲ್ಲಿ ಗ್ರ್ಯಾನ್ ಪ್ರಿ ಇರಲಿಲ್ಲ.

2008ರ ಸೆಪ್ಟೆಂಬರ್ 28ರಂದು ರೇಸ್ ವಾಪಸ್ ಬಂತು. ಈ ಸಲ ಮರೀನಾ ಬೇ ಪ್ರದೇಶದಲ್ಲಿ, ಅದೂ ರಾತ್ರಿ. ಫಾರ್ಮುಲಾ ಒನ್ ಇತಿಹಾಸದಲ್ಲಿ ಅದೇ ಮೊದಲ ರಾತ್ರಿ ರೇಸ್. ಬಿಸಿಲು ತಪ್ಪಿಸಲು ರಾತ್ರಿ ಇಟ್ಟರು ಎಂದು ಹಲವರು ಅಂದುಕೊಳ್ಳುತ್ತಾರೆ. ಮುಖ್ಯ ಕಾರಣ ಟಿವಿ. ಸಿಂಗಪುರದಲ್ಲಿ ರಾತ್ರಿ 8 ಗಂಟೆ ಆದಾಗ ಲಂಡನ್ನಿನಲ್ಲಿ ಮಧ್ಯಾಹ್ನ 1. ಯುರೋಪಿನ ಪ್ರೇಕ್ಷಕರು ಊಟ ಮಾಡಿ ಆರಾಮಾಗಿ ನೋಡಬಹುದು. ನಮಗೆ ಸಂಜೆ 5.30, ಕಾಫಿ ಹೊತ್ತು. ಸೆಕೆಯೇನೂ ರಾತ್ರಿ ಎಂದು ಬಿಡುವುದಿಲ್ಲ. 2025ರಲ್ಲಿ ಇದೇ ರೇಸಿಗೆ ಮೊದಲ ಬಾರಿ ಅಧಿಕೃತವಾಗಿ "ಶಾಖದ ಅಪಾಯ" ಘೋಷಿಸಬೇಕಾಯಿತು.

ರಾತ್ರಿ ಅಂದಮೇಲೆ ಬೆಳಕು ಬೇಕು. ಬೀದಿ ದೀಪ ಸಾಲದು. ಟ್ರ್ಯಾಕಿನ ಉದ್ದಕ್ಕೂ ಸುಮಾರು 1,600 ದೊಡ್ಡ ದೀಪಗಳನ್ನು ಕಟ್ಟಿದರು. ಒಂದೇ ಕಡೆಯಿಂದ ಬೆಳಕು ಬಿದ್ದರೆ ನೆರಳು ಕಣ್ಣಿಗೆ ಮೋಸ ಮಾಡುತ್ತದೆ, ಮಳೆ ಬಂದರೆ ಒದ್ದೆ ರಸ್ತೆ ಕನ್ನಡಿಯಂತೆ ಹೊಳೆಯುತ್ತದೆ. ಹಾಗಾಗಿ ಪ್ರತಿ ದೀಪ ಯಾವ ಕೋನದಲ್ಲಿ ಇರಬೇಕು ಎಂದು ಲೆಕ್ಕ ಹಾಕಿದ್ದರು.

ಇನ್ನು ಮ್ಯಾನ್‌ಹೋಲ್ ಮುಚ್ಚಳ. ಬೀದಿ ರೇಸಿಗೆ ಮುಂಚೆ ಇವನ್ನೆಲ್ಲ ವೆಲ್ಡಿಂಗ್ ಮಾಡಿಯೋ ಬೋಲ್ಟ್ ಹಾಕಿಯೋ ಬಿಗಿಯುತ್ತಾರೆ. ಇದನ್ನು ಕೇಳಿ ನಗುವವರಿದ್ದಾರೆ: ಕಬ್ಬಿಣದ ಮುಚ್ಚಳ ಎದ್ದು ಬರುತ್ತದೆಯೇ? ಬರುತ್ತದೆ. ರೇಸ್ ಕಾರಿನ ತಳದ ಆಕಾರ ಗಾಳಿಯನ್ನು ವೇಗವಾಗಿ ಎಳೆದು, ಕಾರಿನ ಕೆಳಗೆ ಒತ್ತಡ ಕಡಿಮೆಯಾಗುವಂತೆ ಮಾಡುತ್ತದೆ. ಕಾರು ರಸ್ತೆಗೆ ಅಂಟಿಕೊಂಡು ಓಡುವುದೇ ಹಾಗೆ. ಆದರೆ ಅದೇ ಸೆಳೆತ ರಸ್ತೆಯನ್ನೂ ಮೇಲಕ್ಕೆ ಎಳೆಯುತ್ತದೆ. ಸಣ್ಣ ಲೆಕ್ಕ ಮಾಡೋಣ. 60 ಸೆಂಟಿಮೀಟರ್ ಅಗಲದ ದುಂಡು ಮುಚ್ಚಳದ ಮೇಲೆ ಗಾಳಿಯ ಒತ್ತಡ ಬರೀ ಶೇ. 3ರಷ್ಟು ಇಳಿದರೂ ಸುಮಾರು 85 ಕಿಲೋ ಭಾರ ಎತ್ತುವಷ್ಟು ಬಲ ಹುಟ್ಟುತ್ತದೆ.

2023ರ ನವೆಂಬರಿನಲ್ಲಿ ಅಮೆರಿಕದ ಲಾಸ್ ವೇಗಸ್ ಬೀದಿ ಟ್ರ್ಯಾಕಿನಲ್ಲಿ ಆಗಿದ್ದು ಇದೇ. ಅಭ್ಯಾಸ ಶುರುವಾಗಿ ಎಂಟೊಂಬತ್ತು ನಿಮಿಷಕ್ಕೇ, ನೀರಿನ ವಾಲ್ವಿನ ಮುಚ್ಚಳದ ಭಾಗ ಕಿತ್ತು ಬಂದು ಕಾರ್ಲೋಸ್ ಸೈನ್ಸ್ ಅವರ ಫೆರಾರಿಯ ತಳಕ್ಕೆ ಬಡಿಯಿತು. ಅಭ್ಯಾಸ ನಿಂತಿತು. ಎಲ್ಲ ಮುಚ್ಚಳ ಪರೀಕ್ಷಿಸಿ ಮತ್ತೆ ಶುರು ಮಾಡಿದಾಗ ರಾತ್ರಿ 2.30, ಅಷ್ಟರಲ್ಲಿ ಟಿಕೆಟ್ ಕೊಂಡು ಬಂದವರನ್ನು ಹೊರಗೆ ಕಳಿಸಿಯಾಗಿತ್ತು. ಹಾಳಾದ ಬ್ಯಾಟರಿ ಬದಲಿಸಿದ್ದಕ್ಕೆ ಸೈನ್ಸ್‌ಗೆ 10 ಸ್ಥಾನ ಹಿಂದೆ ಸರಿಯುವ ದಂಡ ಬೇರೆ. ಮುಚ್ಚಳ ಹಾಕಿದ್ದು ಅವರಲ್ಲ, ದಂಡ ಮಾತ್ರ ಅವರಿಗೆ!

ಮತ್ತೆ ಸಿಂಗಪುರಕ್ಕೆ ಬರೋಣ. ಗೋಡೆಗಳು ಇಷ್ಟು ಹತ್ತಿರ ಇರುವುದರಿಂದ ಇಲ್ಲಿ ಕಾರು ಬಡಿದರೆ ಪಕ್ಕಕ್ಕೆ ಸರಿಸಲು ಜಾಗ ಇರುವುದಿಲ್ಲ. ಎಲ್ಲರ ವೇಗ ತಗ್ಗಿಸಲು ಸೇಫ್ಟಿ ಕಾರ್ ಬರಲೇಬೇಕು. 2008ರಿಂದ 2023ರವರೆಗೆ ಅದು ಬಾರದ ಒಂದು ರೇಸೂ ಇಲ್ಲಿ ಇರಲಿಲ್ಲ. ಈ ಗುಣವನ್ನೇ ಮೊದಲ ವರ್ಷ ರೆನೋ ತಂಡ ದುರುಪಯೋಗ ಮಾಡಿಕೊಂಡಿತು. ತಂಡದ ಸೂಚನೆಯಂತೆ ನೆಲ್ಸನ್ ಪಿಕೆ ಜೂನಿಯರ್, ಕ್ರೇನ್ ಹತ್ತಿರವಿಲ್ಲದ 17ನೇ ತಿರುವಿನಲ್ಲಿ ಬೇಕೆಂದೇ ಗೋಡೆಗೆ ಗುದ್ದಿದರು. ಅದೇ ತಂಡದ ಫರ್ನಾಂಡೊ ಅಲೊನ್ಸೊ ಗೆದ್ದರು. ಸತ್ಯ ಹೊರಬಿದ್ದದ್ದು ಮರು ವರ್ಷ.

ಹಣದ ವಿಷಯ? 2017ರಲ್ಲಿ ಒಪ್ಪಂದ ನವೀಕರಿಸಿದಾಗ ಒಂದು ವರ್ಷದ ರೇಸಿಗೆ ಸುಮಾರು 13.5 ಕೋಟಿ ಸಿಂಗಪುರ ಡಾಲರ್ ಎಂದು ಅಂದಾಜಿತ್ತು. ಶೇ. 60ರಷ್ಟು ಸರ್ಕಾರದ್ದು. ಹೋಟೆಲ್ ಕೋಣೆಗಳ ಮೇಲೆ ರೇಸ್ ದಿನಗಳಿಗೆಂದೇ ಸೆಸ್ ಕೂಡ ಇದೆ. "ತಾತ್ಕಾಲಿಕ" ಟ್ರ್ಯಾಕ್ ದುಬಾರಿ ಆಗುವುದು ತಾತ್ಕಾಲಿಕ ಆದ್ದರಿಂದಲೇ. ತಡೆಗೋಡೆ, ಬೇಲಿ, ದೀಪ, ಸ್ಟ್ಯಾಂಡುಗಳನ್ನು ತಿಂಗಳುಗಟ್ಟಲೆ ಕಟ್ಟಬೇಕು, ಕಳಚಬೇಕು, ಮುಂದಿನ ವರ್ಷ ಮತ್ತೆ ಅದೇ. ಇಷ್ಟಾದರೂ ಎಲ್ಲವೂ ತಾತ್ಕಾಲಿಕವಲ್ಲ: ಕಾರುಗಳು ನಿಲ್ಲುವ ಪಿಟ್ ಕಟ್ಟಡ ಶಾಶ್ವತವಾಗಿ ಕಟ್ಟಿದ್ದು. ಊರು ಬದಲಾದರೆ ಟ್ರ್ಯಾಕೂ ಬದಲಾಗಬೇಕು. ನೀರಿನ ಮೇಲಿದ್ದ ತೇಲುವ ವೇದಿಕೆಯ ಜಾಗದಲ್ಲಿ ಹೊಸ ಕಟ್ಟಡದ ಕೆಲಸ ಶುರುವಾದ್ದರಿಂದ 2023ರಲ್ಲಿ ನಾಲ್ಕು ತಿರುವು ತೆಗೆದು, ಸುತ್ತನ್ನು 4.94 ಕಿಲೋಮೀಟರ್‌ಗೆ ಇಳಿಸಿದರು.

ಹಾಗಾದರೆ ನಮ್ಮಲ್ಲಿ ಆಗಿಲ್ಲವೇ? ಆಗಿದೆ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ಪಕ್ಕ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ನಡೆಯಿತು. ಮರು ವರ್ಷದ ರೇಸ್ ರದ್ದಾಯಿತು. ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ 3.5 ಕಿಲೋಮೀಟರ್ ಟ್ರ್ಯಾಕಿನ ರೇಸ್ ಮಿಚಾಂಗ್ ಚಂಡಮಾರುತದಿಂದ ಮುಂದಕ್ಕೆ ಹೋಗಿ, 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ರಾತ್ರಿ ರೇಸ್ ಆಗಿ ನಡೆಯಿತು. ಅಲ್ಲೂ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಟ್ರ್ಯಾಕ್ ಪರೀಕ್ಷಿಸಿ ಸುರಕ್ಷತಾ ಪ್ರಮಾಣಪತ್ರ ಕೊಡದೆ ಕಾರು ಬಿಡುವಂತಿಲ್ಲ ಎಂಬುದು ಮದ್ರಾಸ್ ಹೈಕೋರ್ಟಿನ ಷರತ್ತು. ಮಳೆಯಿಂದ ಆ ಪತ್ರ ತಡವಾಯಿತು. ಮೊದಲ ದಿನ ರಸ್ತೆ ಇತ್ತು, ಬ್ಯಾರಿಕೇಡ್ ಇತ್ತು, ಪ್ರೇಕ್ಷಕರೂ ಇದ್ದರು. ಕಾರುಗಳು ಮಾತ್ರ ಕಾಯುತ್ತಾ ನಿಂತಿದ್ದವು.