ಕೊಲೆಗಾರನ ಬಿಡುಗಡೆ ಕೇಳುವವರು ಯಾರು?

ಕೊಲೆಗಾರನೆಂದು ನ್ಯಾಯಾಲಯ ತೀರ್ಮಾನಿಸಿದವನ ಪರವಾಗಿ ಯಾರಾದರೂ ಬಾಯಿ ತೆರೆದರೆ, ‘ಸತ್ತದ್ದು ನಿಮ್ಮ ಮನೆಯ ಮಗುವಾಗಿದ್ದರೆ?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಾಗೆ ಬಾಯಿ ತೆರೆಯುವವರೆಲ್ಲ ಒಂದೇ ಬಗೆಯವರಲ್ಲ. ಎರಡು ಪ್ರಕರಣಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

1993ರ ಏಪ್ರಿಲ್ 9ರಂದು, ಮೆಟ್ಟೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯ ಪಾಲಾರಿನಲ್ಲಿ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ನಾಲ್ವರಿಗೆ ಕೊಟ್ಟ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2004ರಲ್ಲಿ ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ! ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವೆನ್ನುವ ಟಾಡಾದಂಥ ಕಾಯ್ದೆ, ಅದರ ಮೇಲೆ ವರ್ಷಗಟ್ಟಲೆ ನೇಣಿನ ನೆರಳು. ಇದನ್ನು ಪ್ರಶ್ನಿಸಿದ ವಕೀಲರು, ಹಕ್ಕುಗಳ ಹೋರಾಟಗಾರರು ಆ ನಾಲ್ವರ ಪ್ರಾಣ ಉಳಿಸಲು ಕೇಳಿದರು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ವಿಳಂಬದ ಕಾರಣಕ್ಕೆ 15 ಮಂದಿಯ ಗಲ್ಲು ತಪ್ಪಿಸಿತು, ಇವರೂ ಅದರಲ್ಲಿದ್ದರು.

ಇನ್ನೊಂದು ಬಗೆ ನೋಡಿ. 2000ದ ಫೆಬ್ರವರಿ 2ರಂದು ಜಯಲಲಿತಾ ಅವರಿಗೆ ಕೊಡೈಕನಾಲಿನ ಹೋಟೆಲ್ ಪ್ರಕರಣದಲ್ಲಿ ಶಿಕ್ಷೆಯಾಯಿತೆಂದು ಅಣ್ಣಾ ಡಿಎಂಕೆ ಕಾರ್ಯಕರ್ತರು ಧರ್ಮಪುರಿ ಬಳಿ ಕೃಷಿ ವಿಶ್ವವಿದ್ಯಾಲಯದ ಬಸ್ಸಿಗೆ ಬೆಂಕಿಯಿಟ್ಟರು. ಮೂವರು ವಿದ್ಯಾರ್ಥಿನಿಯರು ಬೆಂದುಹೋದರು. ಸೇಲಂ ನ್ಯಾಯಾಲಯ 2007ರಲ್ಲಿ ಮೂವರಿಗೆ ಮರಣದಂಡನೆ ವಿಧಿಸಿತು. 2016ರಲ್ಲಿ ಸುಪ್ರೀಂ ಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. 2018ರ ನವೆಂಬರಿನಲ್ಲಿ ಎಂ.ಜಿ.ಆರ್. ಶತಮಾನೋತ್ಸವದ ಹೆಸರಿನಲ್ಲಿ ಬಿಡುಗಡೆಯೂ ಆಯಿತು. ಆಗ ಅಧಿಕಾರದಲ್ಲಿದ್ದುದು ಯಾವ ಪಕ್ಷ? ಅದೇ ಅಣ್ಣಾ ಡಿಎಂಕೆ!

ಗಲ್ಲು ತಪ್ಪಿದ್ದಕ್ಕೆ ನನ್ನ ತಕರಾರಿಲ್ಲ. ಜೀವ ತೆಗೆದ ಮೇಲೆ ತೀರ್ಪು ತಿದ್ದಲು ಬರುವುದಿಲ್ಲ. ಆದರೆ ನಾಯಕರ ಜಯಂತಿಗೆ ಸಿಹಿ ಹಂಚಿದಂತೆ ತನ್ನವರಿಗೆ ಸ್ವಾತಂತ್ರ್ಯ ಹಂಚುವುದು ಕರುಣೆಯಲ್ಲ, ಪಕ್ಷಪಾತ. ಮಗಳನ್ನು ಕಳೆದುಕೊಂಡ ಮನೆಗೆ ಅದು ಎರಡನೆಯ ಬೆಂಕಿ.

ಗಡಿನಾಡಿನ ನಮಗೂ ಇಲ್ಲಿ ಪಾಠವಿದೆ. ಅಪರಾಧಿ ಯಾವ ಭಾಷೆಯವನು, ಯಾವ ಪಕ್ಷದವನು ಎಂಬುದೇ ನಮ್ಮ ಕಣ್ಣಿಗೆ ಮೊದಲು ಬೀಳುತ್ತದೆ. ಆದ್ದರಿಂದ ಸಹಿ ಸಂಗ್ರಹಕ್ಕೆ ಬಂದವರನ್ನು ಒಂದೇ ಮಾತು ಕೇಳೋಣ: ಇದೇ ಅರ್ಜಿಯನ್ನು ನಿಮ್ಮ ವೈರಿಗಾಗಿ ಬರೆಯುತ್ತೀರಾ? ‘ಹೌದು’ ಎಂದವರ ಮಾತನ್ನು ಕುಳಿತು ಕೇಳೋಣ. ತಡವರಿಸಿದವರಿಗೆ ಸಹಿ ಬೇಡ.